ಜೀವಮಾನದ ಪ್ಲಾನ್ ತೆಗೆದುಕೊಳ್ಳುವ ಮೊದಲು ಒಂದು ಫೋಲ್ಡರ್ ವಾಪಸ್ ತರಿಸಿ ನೋಡಿ

ಸೋಮವಾರಪೇಟೆಯಲ್ಲಿ ಸ್ಟುಡಿಯೋ ಇದೆ, ಮದುವೆ ಫೋಟೋಗಳನ್ನೆಲ್ಲ ಕ್ಲೌಡ್‌ಗೆ ಹಾಕಬೇಕು, ಒಂದೇ ಸಲ ದುಡ್ಡು ಕಟ್ಟಿದರೆ ಜೀವಮಾನ ಪೂರ್ತಿ ಬ್ಯಾಕಪ್ ಕೊಡುತ್ತೇವೆ ಅನ್ನುವ ಕಂಪನಿಯನ್ನು ನಂಬಬಹುದಾ ಅಂತ ಕೇಳಿದ್ದೀರಿ.

ಬೇಡ. ಡಿಸ್ಕು, ಕರೆಂಟು, ಸಂಬಳ ಎಲ್ಲ ಅವರಿಗೆ ತಿಂಗಳು ತಿಂಗಳೂ ಬರುವ ಖರ್ಚು, ನೀವು ಒಂದು ಸಲ ಕೊಟ್ಟ ದುಡ್ಡು ಎಷ್ಟು ವರ್ಷ ಬಂದೀತು ಹೇಳಿ? 2013ರಲ್ಲಿ ನಿರ್ವಾನಿಕ್ಸ್ ಅನ್ನುವ ಅಮೆರಿಕದ ಕ್ಲೌಡ್ ಕಂಪನಿ ಬಾಗಿಲು ಹಾಕಿದಾಗ, ಫೈಲ್ ತೆಗೆದುಕೊಂಡು ಹೋಗಿ ಅಂತ ಗ್ರಾಹಕರಿಗೆ ಮೊದಲು ಕೊಟ್ಟ ಗಡುವು ಸುಮಾರು ಎರಡು ವಾರ. ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ ಒಂದು ಟಿಬಿ (ಸಾವಿರ ಜಿಬಿ) ಇಳಿಸಲು ಎಲ್ಲೂ ನಿಲ್ಲದೆ 9 ದಿನ ಹಿಡಿಯುತ್ತದೆ. ಕಕ್ಕಡದ ಮಳೆಯಲ್ಲಿ ನಮ್ಮ ಕಡೆ ಕರೆಂಟು, ನೆಟ್ಟು ಎರಡೂ ಹೇಗಿರುತ್ತವೆ ಅಂತ ನಿಮಗೆ ಗೊತ್ತಲ್ವಾ.

ಹಾಗಾಗಿ ನಾನು ಮೊದಲು ನೋಡುವುದು ಅವರು ಹೇಗೆ ವಾಪಸ್ ಕೊಡುತ್ತಾರೆ ಅನ್ನೋದನ್ನ. ಟ್ರಯಲ್ ತೆಗೆದುಕೊಳ್ಳಿ. ಒಂದು ಮದುವೆಯ ಪೂರ್ತಿ ಫೋಲ್ಡರ್ ಏರಿಸಿ, ಬೇರೆ ಕಂಪ್ಯೂಟರಿನಲ್ಲಿ ಇಳಿಸಿ. ರಾ ಫೈಲುಗಳನ್ನು, ಅಂದರೆ ಕ್ಯಾಮೆರಾದಿಂದ ನೇರ ಬಂದ ಮೂಲ ಫೋಟೋಗಳನ್ನು, ಒಂದೊಂದಾಗಿ ತೆರೆದು ನೋಡಿ. ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರುಗಳು ಹಾಗೇ ಬಂದಿವೆಯಾ, ಫೋಟೋ ತೆಗೆದ ತಾರೀಕು ಉಳಿದಿದೆಯಾ? ಇಳಿಸುವುದಕ್ಕೆ ಬೇರೆ ಚಾರ್ಜ್ ಇದೆಯಾ ಅನ್ನೋದನ್ನೂ ಆಗಲೇ ಕೇಳಿಬಿಡಿ.

ಷರತ್ತುಗಳನ್ನು ದಯವಿಟ್ಟು ಓದಿ. ನಿಮ್ಮಂಥವರ ಫೋಟೋ ಜಾಸ್ತಿ ಇರುವುದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ, ಆದರೆ ಕೆಲವು ಕಂಪನಿಗಳು ಆ ಡಿಸ್ಕನ್ನು ಬಹಳ ದಿನ ಕಂಪ್ಯೂಟರಿಗೆ ಸಿಕ್ಕಿಸದಿದ್ದರೆ ಅದರ ಬ್ಯಾಕಪ್ಪನ್ನೇ ಅಳಿಸಿಹಾಕುತ್ತವೆ. ಎರಡನೇ ಪ್ರತಿ ಬೇರೆ ಊರಿನಲ್ಲಿ ಇದೆಯಾ ಅಂತಲೂ ನೋಡಿ. 2021ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟಾಗ, ಬ್ಯಾಕಪ್ಪೂ ಅದೇ ಜಾಗದಲ್ಲಿದ್ದ ಗ್ರಾಹಕರಿಗೆ ಏನೂ ಉಳಿಯಲಿಲ್ಲ.

ಇನ್ನು, ‘ಪಾಸ್‌ವರ್ಡ್ ಮರೆತರೆ ನನ್ನ ಫೈಲ್ ತೆಗೆದುಕೊಡುತ್ತೀರಾ?’ ಅಂತ ಸಪೋರ್ಟಿನವರನ್ನು ಕೇಳಿ. ಕೊಡುತ್ತೇವೆ ಅಂದರೆ ಫೈಲುಗಳ ಬೀಗ ತೆಗೆಯುವ ಕೀಲಿ (ಪಾಸ್‌ವರ್ಡಿನಂಥ ಗುಟ್ಟಿನ ಅಕ್ಷರಗಳು) ಅವರ ಹತ್ತಿರವೂ ಇದೆ, ಮನಸ್ಸು ಮಾಡಿದರೆ ಅವರೂ ನೋಡಬಹುದು ಅಂತ ಅರ್ಥ. ಬೇರೆಯವರ ಮನೆ ಹೆಣ್ಣುಮಕ್ಕಳು, ಮಕ್ಕಳ ಫೋಟೋ ನಿಮ್ಮನ್ನು ನಂಬಿ ಕೊಟ್ಟಿದ್ದು, ಇದನ್ನು ಸುಮ್ನೆ ಬಿಡಬೇಡಿ. ಕೀಲಿ ನಿಮ್ಮ ಹತ್ತಿರ ಮಾತ್ರ ಇರುವ ಕಂಪನಿ ಸಿಕ್ಕಿದರೆ ಅದನ್ನೇ ಹಿಡಿಯಿರಿ, ಆದರೆ ಕೀಲಿ ಕಳೆದರೆ ಆ ದೇವರೂ ತೆಗೆದುಕೊಡಲಾರ, ಕಾಗದದಲ್ಲಿ ಬರೆದು ಸ್ಟುಡಿಯೋದಲ್ಲೊಂದು, ಬೇರೆ ಊರಿನ ನೆಂಟರ ಮನೆಯಲ್ಲೊಂದು ಇಡಿ.

ಸದ್ಯಕ್ಕೆ ತಿಂಗಳ ಪ್ಲಾನ್ ಸಾಕು. ಈಗಿರುವ ಹಾರ್ಡ್ ಡಿಸ್ಕುಗಳನ್ನು ಮಾತ್ರ ಖಾಲಿ ಮಾಡಬೇಡಿ.