ಅಪ್ಪನಿಗಾಗಿ ಕಾಯುವ ಹುಡುಗ

ನಿಮ್ಮ ಪತ್ರ ಬಂದು ಎರಡು ದಿನವಾಯಿತು. ತಲೆಯಿಂದ ಹೋಗುತ್ತಿಲ್ಲ. ಒಂಬತ್ತು ವರ್ಷದ ಮಗ. ಸಣ್ಣ ಮಾತಿಗೂ ಸಿಟ್ಟು, ಆಮೇಲೆ ಅಳು. ಉಗುರು ಕಚ್ಚುತ್ತಾನೆ. ಶಾಲೆ ಇದ್ದ ದಿನ ಬೆಳಿಗ್ಗೆ ಹೊಟ್ಟೆನೋವು. ಡಾಕ್ಟರು ನೋಡಿ ಹೊಟ್ಟೆಗೆ ಏನೂ ಆಗಿಲ್ಲ ಅಂದಿದ್ದಾರೆ. ಮಗನಿಗೆ ಒಳ್ಳೆಯ ಅಭ್ಯಾಸ ಕಲಿಸಬೇಕು ಅಂತ ನೀವು ಗೋಡೆಗೆ ವೇಳಾಪಟ್ಟಿ ಅಂಟಿಸಿದಿರಿ. ಐದೂವರೆಗೆ ಏಳುವುದು, ವ್ಯಾಯಾಮ, ಧ್ಯಾನ, ಓದು, ಹೀಗೆ ಹದಿನಾಲ್ಕು ಚೌಕ. ಎರಡು ತಿಂಗಳಲ್ಲಿ ಸಿಟ್ಟು ಇನ್ನೂ ಜಾಸ್ತಿಯಾಗಿದೆ. ‘ನಾನು ಎಲ್ಲಿ ತಪ್ಪಿದೆ?’ ಅಂತ ಕೇಳಿದ್ದೀರಿ.

ನಾಲ್ಕು ಪುಟದ ಪತ್ರ. ಮೂರನೇ ಪುಟದ ಕೊನೆಯಲ್ಲಿ, ಬೇರೇನೋ ಹೇಳುತ್ತಾ, ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ: ‘ಅವರಪ್ಪ ಬರೋದು ಹತ್ತೂವರೆಗೆ. ಅಲ್ಲಿವರೆಗೂ ಇವನು ಮಲಗಲ್ಲ. ಇಬ್ಬರೂ ಸ್ವಲ್ಪ ಹೊತ್ತು ಮೊಬೈಲಲ್ಲಿ ಆಟ ಆಡಿ ಹನ್ನೊಂದೂವರೆಗೆ ಮಲಗ್ತಾರೆ.’

ಹನ್ನೊಂದೂವರೆಯಿಂದ ಐದೂವರೆ. ಆರು ಗಂಟೆ!

ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಹೇಳಿದೆ. ನಿಮ್ಮ ಮಗನಿಗೆ ರಾತ್ರಿಗೆ ಮೂರು ಗಂಟೆಯಾದರೂ ಕಡಿಮೆ ಬೀಳುತ್ತಿದೆ. ಐದು ದಿನಕ್ಕೆ 15 ಗಂಟೆ. ರಜೆ ದಿನ ಹತ್ತರವರೆಗೆ ಮಲಗುತ್ತಾನೆ, ಸೋಮಾರಿ ಅಂತ ಬರೆದಿದ್ದೀರಿ. ಸೋಮಾರಿ ಅಲ್ಲ. ಆ ಮಗು ಸಾಲ ತೀರಿಸುತ್ತಿದೆ.

ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಇನ್ನೂ ಬರೆಯುತ್ತೇನೆ. ಮಗುವಿನ ಗುಣ ಕೆಟ್ಟಿದೆ ಅನ್ನುವ ಮೊದಲು ಅದರ ನಿದ್ದೆ ಎಣಿಸಿ. ನಿದ್ದೆ ಕಡಿಮೆಯಾದರೆ ದೊಡ್ಡವರು ಆಕಳಿಸುತ್ತೇವೆ, ತೂಕಡಿಸುತ್ತೇವೆ. ಎಷ್ಟೋ ಮಕ್ಕಳು ಹಾಗಲ್ಲ. ಕುಣಿಯುತ್ತಾರೆ, ಕಿರುಚುತ್ತಾರೆ, ಪೆನ್ಸಿಲ್ ಮುರಿದರೂ ಅಳುತ್ತಾರೆ. ನೋಡಿದವರಿಗೆ ಹಟ ಅನ್ನಿಸುತ್ತದೆ. ಅದರ ಮೇಲೆ ಮೊಬೈಲಿನ ಬೆಳಕು ಬೇರೆ. ಕತ್ತಲಾದ ಮೇಲೆ ನಿದ್ದೆಗೆ ಸಿದ್ಧವಾಗು ಅಂತ ಮೈಗೆ ಹೇಳುವ ಮೆಲಟೋನಿನ್ ಅನ್ನು ಬೆಳಕು ತಡೆಯುತ್ತದೆ. ದೊಡ್ಡವರಿಗಿಂತ ಮಕ್ಕಳಿಗೆ ಇದು ಇನ್ನೂ ಬೇಗ ತಟ್ಟುತ್ತದೆ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬರೇ ಒದ್ದಾಡುತ್ತಿದ್ದೀರಿ. ಬೇಸರ ಇರುವುದು ಅವನ ಅಪ್ಪನ ಮೇಲೆ. ಕೆಲಸ ಜಾಸ್ತಿ ಇರಬಹುದು, ದಣಿದಿರಬಹುದು, ಒಪ್ಪುತ್ತೇನೆ. ಆದರೆ ನಾಲ್ಕು ಪುಟದಲ್ಲಿ ಆತ ಕಾಣುವುದು ಆ ಒಂದೇ ಕಡೆ, ಅದೂ ಕೈಯಲ್ಲಿ ಮೊಬೈಲ್ ಹಿಡಿದು. ಹುಡುಗ ಕಣ್ಣು ಉಜ್ಜಿಕೊಂಡು ಎಚ್ಚರ ಇರುವುದು ಆಟಕ್ಕಲ್ಲ, ಅಪ್ಪನಿಗೆ. ದಿನದಲ್ಲಿ ಅವನಿಗೆ ಅಪ್ಪ ಸಿಗುವುದು ಆ ಒಂದು ಗಂಟೆ ಮಾತ್ರ. ‘ಒಂಬತ್ತಕ್ಕೆ ಮಲಗು’ ಅಂತ ಸುಮ್ನೆ ಗದರಿದರೆ ಅದನ್ನೂ ಕಿತ್ತುಕೊಂಡ ಹಾಗೆ ಆಗುತ್ತದೆ, ಅಲ್ವಾ? ಮಲಗಿದರೂ ಬಾಗಿಲ ಸದ್ದಿಗೆ ಕಿವಿಗೊಟ್ಟಿರುತ್ತಾನೆ.

ಆ ವೇಳಾಪಟ್ಟಿ ಇವತ್ತೇ ತೆಗೆದುಬಿಡಿ. ಐದೂವರೆಯ ವ್ಯಾಯಾಮ ಬೇಡ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಮೈ ದಣಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನಿಜ. ಸಂಜೆ ಹೊರಗೆ ಬಿಡಿ, ಓಡಲಿ, ಬೀಳಲಿ. ಅದಕ್ಕೆ ಚೌಕವೂ ಬೇಡ, ಟಿಕ್ಕೂ ಬೇಡ.

ಇನ್ನು ಮಾಡಬೇಕಾದ ಕೆಲಸ ಒಂದೇ, ಅದೂ ನಿಮ್ಮದಲ್ಲ. ಈ ಪತ್ರವನ್ನು ನಿಮ್ಮ ಯಜಮಾನರ ಕೈಗೆ ಕೊಡಿ. ನಾಳೆಯಿಂದ ಬೆಳಿಗ್ಗೆ ಆರೂವರೆಗೆ ಮಗನನ್ನು ಎಬ್ಬಿಸುವವರು ಅವರು. ಆಮೇಲಿನ ಅರ್ಧ ಗಂಟೆ ಅಪ್ಪ ಮಗನದು, ಮೊಬೈಲ್ ಇಲ್ಲದೆ. ಮಾತಾಡಲಿ, ಜಗಳ ಆಡಲಿ, ಶೂ ಲೇಸ್ ಕಟ್ಟಲಿ. ಏನು ಮಾಡಿದರೂ ಸರಿ, ತಪ್ಪಿಸಬಾರದು. ಅಪ್ಪ ಬೆಳಿಗ್ಗೆ ಸಿಕ್ಕೇ ಸಿಗುತ್ತಾರೆ ಅಂತ ಹುಡುಗನಿಗೆ ನಂಬಿಕೆ ಬಂದ ಹಾಗೆ, ಎರಡು ದಿನಕ್ಕೊಮ್ಮೆ ಮಲಗುವ ಹೊತ್ತನ್ನು ಕಾಲು ಗಂಟೆ ಹಿಂದಕ್ಕೆ ತನ್ನಿ. ಸುಮಾರು ಮೂರು ವಾರಕ್ಕೆ ಒಂಬತ್ತಕ್ಕೆ ಬರುತ್ತೀರಿ.

ನಿದ್ದೆ ಸರಿಹೋದ ಮೇಲೂ ಹೊಟ್ಟೆನೋವು ಶಾಲೆಯ ದಿನವೇ ಬಂದರೆ ಕಾರಣ ಶಾಲೆಯಲ್ಲಿ ಇರಬಹುದು. ಯಾರಾದರೂ ಹೆದರಿಸುತ್ತಿದ್ದಾರಾ, ಯಾವ ಪಾಠಕ್ಕೆ ಭಯ ಅಂತ ಮೆಲ್ಲಗೆ ಕೇಳಿ. ಟೀಚರ್ ಜೊತೆ ಮಾತಾಡಿ, ಮಕ್ಕಳ ಮನೋವೈದ್ಯರಿಗೂ ತೋರಿಸಿ. ಈ ನಡುವೆ ‘ನಾನು ಬದುಕಿರಬಾರದು’ ಅನ್ನುವಂಥ ಮಾತು ಅವನ ಬಾಯಲ್ಲಿ ಬಂದರೆ ಮಾತ್ರ ಮೂರು ವಾರ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ.

ಮುಂದಿನ ತಿಂಗಳು ನನಗೆ ಇನ್ನೊಂದು ಪತ್ರ ಬೇಕು. ಅದನ್ನು ಅವನ ಅಪ್ಪ ಬರೆಯಲಿ.