ನಡುವಿನ ಭಾನುವಾರ ಎಲ್ಲಿ ಹೋಯಿತು?

ತಿಪಟೂರಿನ ಓದುಗರೊಬ್ಬರು ಬರೆದಿದ್ದಾರೆ: "ಹಿಂದೊಮ್ಮೆ ಜನವರಿಯಲ್ಲಿ ನನ್ನ ಮಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಶನಿವಾರ ರಾತ್ರಿ 8.30ಕ್ಕೆ ನೇರ ವಿಮಾನ ಹತ್ತಿ, ಸೋಮವಾರ ನಸುಕಿನ 3.30ಕ್ಕೆ ಬೆಂಗಳೂರಿನಲ್ಲಿ ಇಳಿದಳು. ದೂರ 14,000 ಕಿ.ಮೀ. ಎನ್ನುತ್ತಾರೆ. ಗೋಡೆಯ ನಕ್ಷೆಯ ಮೇಲೆ ದಾರ ಹಿಡಿದು ಅಳೆದರೆ ಅದಕ್ಕಿಂತ ಬಹಳ ಹೆಚ್ಚು ಬರುತ್ತದೆ. ಯಾವುದು ಸರಿ? ನಡುವಿನ ಭಾನುವಾರ ಎಲ್ಲಿ ಹೋಯಿತು?"

ದಾರ ಹಿಡಿದು ಅಳೆದಿರಲ್ಲ, ಓದಿ ಬಹಳ ಸಂತೋಷವಾಯಿತು. ದಾರದಲ್ಲಿ ತಪ್ಪಿಲ್ಲ, ನಕ್ಷೆಯಲ್ಲಿದೆ. ಉಂಡೆಯಾದ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸಿದಾಗ ಉತ್ತರದ ನಾಡುಗಳು ಹಿಗ್ಗಿಬಿಡುತ್ತವೆ. ಹತ್ತಿರದ ಶಾಲೆಯಲ್ಲಿ ಗ್ಲೋಬ್ ಇದ್ದರೆ ಅದೇ ದಾರವನ್ನು ಬಿಗಿಯಾಗಿ ಎಳೆದು ನೋಡಿ. ಅದು ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಬೆಂಗಳೂರಿನಿಂದ ಉತ್ತರಕ್ಕೇ ಏರಿ ನೇಪಾಳ, ಟಿಬೆಟ್, ಮಂಗೋಲಿಯ, ಸೈಬೀರಿಯ ದಾಟಿ, ಅಲಾಸ್ಕದ ಮೇಲಿಂದ ಕ್ಯಾಲಿಫೋರ್ನಿಯಕ್ಕೆ ಇಳಿಯುತ್ತದೆ. ಆ ದಾರದ ಉದ್ದವೇ ಸುಮಾರು 14,000 ಕಿ.ಮೀ.

ಆದರೆ ವಿಮಾನ ದಾರದ ಮೇಲೆಯೇ ಹೋಗುವುದಿಲ್ಲ. ಕ್ಯಾಬಿನ್ನಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಕೂಡಲೇ ಉಸಿರಾಟಕ್ಕೆ ಸಾಕಷ್ಟು ಗಾಳಿಯಿರುವ 10,000 ಅಡಿಯ ಆಸುಪಾಸಿಗೆ ಇಳಿಯಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ. ಹಾಗಾಗಿ ಆ ಭಾಗವನ್ನು ಆದಷ್ಟು ಬಿಟ್ಟು, ಸುತ್ತು ಹಾಕಿಕೊಂಡೇ ಹೋಗುತ್ತಾರೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಇದೇ ಎರಡು ಊರುಗಳ ನಡುವೆ ಉತ್ತರ ಧ್ರುವದ ಮೇಲಿಂದ ತಂದಿತು. ಆ ಸುದ್ದಿ ಓದಿದಾಗಿನ ಹೆಮ್ಮೆ ನನ್ನಲ್ಲಿ ಇನ್ನೂ ಹಸಿಯಾಗಿದೆ.

ಇನ್ನು ಗಾಳಿ. ಪ್ರಯಾಣದ ಹೊತ್ತನ್ನು ನಿರ್ಧರಿಸುವುದು ಕಿಲೋಮೀಟರಿಗಿಂತ ಹೆಚ್ಚಾಗಿ ಇದೇ. ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ ಅದು ಇನ್ನೂ ಜೋರು. ಗಂಟೆಗೆ 900 ಕಿ.ಮೀ. ಹಾರುವ ವಿಮಾನಕ್ಕೆ 150 ಕಿ.ಮೀ. ವೇಗದ ಗಾಳಿ ಬೆನ್ನಿಗೆ ಬಿದ್ದರೆ ನೆಲದ ಲೆಕ್ಕದಲ್ಲಿ 1,050, ಎದುರಾದರೆ 750. ಆದ್ದರಿಂದಲೇ ಬೆಂಗಳೂರಿನಿಂದ ಹೋಗುವಾಗ ಪೆಸಿಫಿಕ್ ಸಾಗರದ ಮೇಲೆ ಪೂರ್ವಕ್ಕೆ ಬಳಸಿ ಹೋದರೂ, ದೂರ ಬೆಳೆದರೂ, ಹೊತ್ತು ಉಳಿಯುವುದುಂಟು.

ಗಡಿಗಳ ಜಗಳವೂ ಆಕಾಶಕ್ಕೆ ಏರುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ವಾಯುಪ್ರದೇಶ ಮುಚ್ಚಿದ ಮೇಲೆ ದೆಹಲಿಯಿಂದ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಲ್ಲಿ ಇಳಿಯಬೇಕಾಯಿತು.

ಈಗ ನಿಮ್ಮ ಭಾನುವಾರ. ಜನವರಿಯಲ್ಲಿ ಕ್ಯಾಲಿಫೋರ್ನಿಯ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಗಳು ಹೊರಟಾಗ ತಿಪಟೂರಿನಲ್ಲಿ ಆಗಲೇ ಭಾನುವಾರ ಬೆಳಗ್ಗೆ ಹತ್ತು ಗಂಟೆ. ಹಾರಾಟ ಹದಿನೇಳೂವರೆ ಗಂಟೆ. ನೀವು ಊಟ ಮಾಡಿ, ಸಂಜೆ ಕಳೆದು, ರಾತ್ರಿ ನಿದ್ದೆಯಿಲ್ಲದೆ ಹೊರಳಾಡಿದ ಆ ಭಾನುವಾರವೆಲ್ಲ ಅವಳು ಆಕಾಶದಲ್ಲಿದ್ದಳು. ಮುಂದಿನ ಸಲ ಅವಳು ಬೆಂಗಳೂರಿನಲ್ಲಿ ಇಳಿದ ಕೂಡಲೇ ಫೋನ್ ಬರಲಿಲ್ಲವೆಂದು ಗಾಬರಿಪಡಬೇಡಿ. ಪಾಸ್‌ಪೋರ್ಟ್ ತಪಾಸಣೆ, ಸಾಮಾನಿನ ಸಾಲು ಎಂದು ಇನ್ನೊಂದು ಗಂಟೆಯಾದರೂ ಹಿಡಿಯುತ್ತದೆ.