ಸಂಪಾದಕರ ಉತ್ತರ: ಹಠ ಒಂದೇ ಸಾಲದು

ಪ್ರಿಯ ಓದುಗರೇ,

ನಿಮ್ಮ ಪತ್ರ ತಲುಪಿತು. ಎಂಟು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೀರಿ. ಈಗ ಗೆಳೆಯರ ಜೊತೆ ಸ್ಪಾರ್ಟನ್ ಬೀಸ್ಟ್ ಎಂಬ ಅಡೆತಡೆ ಓಟಕ್ಕೆ ಹೆಸರು ಕೊಟ್ಟಿದ್ದೀರಿ. 21 ಕಿಲೋಮೀಟರ್, 30 ಅಡೆತಡೆ. ವಿಷಯ ಕೇಳಿದ ನಿಮ್ಮ ಮ್ಯಾನೇಜರ್, "ಓಟ, ಸಾಫ್ಟ್‌ವೇರ್ ಕೆಲಸ ಎರಡೂ ಒಂದೇ, ಹಠ ಇದ್ದರೆ ಎಲ್ಲಾ ಆಗುತ್ತೆ" ಎಂದರಂತೆ. ಅದೇ ಮಾತನ್ನು ಮುಂದಿಟ್ಟು ಶನಿವಾರ, ಭಾನುವಾರವೂ ಕೆಲಸ ಮಾಡಿ ಎಂದರಂತೆ. ಈ ಹೋಲಿಕೆಯಲ್ಲಿ ನಿಜ ಎಷ್ಟು, ಸುಮ್ನೆ ಹುರಿದುಂಬಿಸುವ ಮಾತು ಎಷ್ಟು ಎಂದು ಕೇಳಿದ್ದೀರಿ.

ಹೋಲಿಕೆ ನಿಜ. ಆದರೆ ಅದು ಹಠದಲ್ಲಿ ಇಲ್ಲ.

ಸ್ಪಾರ್ಟನ್ ಓಟದ ಈಟಿ ಎಸೆತವನ್ನೇ ನೋಡಿ. ಈಟಿಯನ್ನು ಗುರಿಗೆ ನಾಟುವಂತೆ ಎಸೆಯಬೇಕು, ಒಂದೇ ಅವಕಾಶ. ಆರಾಮಾಗಿ ನಿಂತು ಕೆಲವು ದಿನ ಅಭ್ಯಾಸ ಮಾಡಿದರೆ ಇದು ಅಂಥ ಕಷ್ಟವಲ್ಲ. ಓಟದಲ್ಲಿ ಹಾಗಿರುವುದಿಲ್ಲ. ಗುಡ್ಡ ಹತ್ತಿಳಿದು ಬಂದಿರುತ್ತೀರಿ. ಎದೆ ಬಡಿದುಕೊಳ್ಳುತ್ತಿರುತ್ತದೆ, ತೋಳು ಸೋತಿರುತ್ತದೆ, ಅಂಗೈಯಲ್ಲಿ ಕೆಸರು. ಚೆನ್ನಾಗಿ ಓಡುವವರೂ ಇಲ್ಲಿ ಗುರಿ ತಪ್ಪುತ್ತಾರೆ. ಬಹುಕಾಲ ಇದ್ದ ನಿಯಮದಂತೆ ತಪ್ಪಿದವರಿಗೆ 30 ಬರ್ಪಿ. ಅಂದರೆ ನೆಲಕ್ಕೆ ಬಿದ್ದು, ಎದ್ದು, ಜಿಗಿಯುವುದು, ಮೂವತ್ತು ಸಲ.

ನಿಮ್ಮ ಕೆಲಸದಲ್ಲೂ ಹೀಗೇ ಅಲ್ವಾ? ಡೇಟಾಬೇಸ್‌ನಿಂದ ಬೇಡದ ಒಂದಷ್ಟು ಸಾಲುಗಳನ್ನು ಅಳಿಸುವುದು ಬೆಳಗ್ಗೆ ಹೊತ್ತಲ್ಲಿ ಎರಡು ನಿಮಿಷದ ಕೆಲಸ. ಇಡೀ ದಿನ ದುಡಿದು, ಮಧ್ಯರಾತ್ರಿ, ಸರ್ವರ್ ಬಿದ್ದಿದೆ ಎಂಬ ಗಾಬರಿಯಲ್ಲಿ ಅದೇ ಕಮಾಂಡ್ ಬರೆಯುವಾಗ ಯಾವ ಸಾಲು ಅಳಿಸಬೇಕೆಂದು ಹೇಳುವ 'ವೇರ್' ಎಂಬ ಷರತ್ತು ಬಿಟ್ಟುಹೋದರೆ ಇಡೀ ಟೇಬಲ್ ಖಾಲಿ. ಕಮಾಂಡ್ ಕಷ್ಟದ್ದಾಗಿರಲಿಲ್ಲ. ಬರೆದವರು ಅದರ ಮುಂದೆ ಬಂದು ಕೂತ ಸ್ಥಿತಿ ಕಷ್ಟದ್ದಾಗಿತ್ತು. ಎರಡೂ ಕಡೆ ನನಗೆ ಕಾಣುವ ನಿಜವಾದ ಸಾಮ್ಯ ಇದು. ಅದಕ್ಕೇ ಪಳಗಿದ ಓಟಗಾರರು ಅಡೆತಡೆ ಕಣ್ಣಿಗೆ ಬೀಳುತ್ತಿದ್ದಂತೆ ವೇಗ ತಗ್ಗಿಸಿ, ಉಸಿರು ಹತೋಟಿಗೆ ತಂದು, ಕೈ ಒರೆಸಿಕೊಳ್ಳುತ್ತಾರೆ. ಪಳಗಿದ ಎಂಜಿನಿಯರ್‌ಗಳು ಮೊದಲು ಬ್ಯಾಕಪ್ ನೋಡುತ್ತಾರೆ. ಕಮಾಂಡನ್ನು ಇನ್ನೊಬ್ಬರಿಗೆ ಓದಿ ಹೇಳುತ್ತಾರೆ, ಆಮೇಲೆ ಎಂಟರ್ ಒತ್ತುತ್ತಾರೆ.

ಹಠ ಕೆಲಸ ಕೆಡಿಸುವುದೂ ಉಂಟು. ಅಡೆತಡೆ ಓಟದ ವಿಶ್ವ ಚಾಂಪಿಯನ್‌ಶಿಪ್ 2014ರಲ್ಲಿ ಶುರುವಾಯಿತು. ಅಲ್ಲಿ ಬರ್ಪಿ ಕೊಟ್ಟು ಪಾರಾಗುವ ದಾರಿ ಇಲ್ಲ. ಅಡೆತಡೆ ದಾಟಲೇಬೇಕು, ಎಷ್ಟು ಸಲವಾದರೂ ಪ್ರಯತ್ನಿಸಬಹುದು. ಆಗದೆ ಬಿಟ್ಟುಕೊಟ್ಟರೆ, ಎಲ್ಲವನ್ನೂ ದಾಟಿದವರ ಗುರುತಾದ ಮಣಿಕಟ್ಟಿನ ಪಟ್ಟಿ ಹೋಗುತ್ತದೆ, ಅವರ ಸಾಲಿನಲ್ಲಿನ ಸ್ಥಾನವೂ ಹೋಗುತ್ತದೆ. ನೇತಾಡಿ ದಾಟುವ ಕಂಬಿಯಿಂದ ಬಿದ್ದವರು ತಕ್ಷಣ ಮತ್ತೆ ಹಾರಿ ಹಿಡಿಯುತ್ತಾರೆ, ಮತ್ತೆ ಬೀಳುತ್ತಾರೆ. ಪ್ರತಿ ಸಲವೂ ಮುಂಗೈಯ ಶಕ್ತಿ ಇನ್ನಷ್ಟು ಇಳಿಯುತ್ತದೆ, ಹಾಗಾಗಿ ಮೂರನೆಯ ಪ್ರಯತ್ನ ಮೊದಲನೆಯದಕ್ಕಿಂತ ಕಷ್ಟ. ಇವರ ನಡುವೆ ದಾಟುವವರು ಯಾರು ಗೊತ್ತೇ? ಪಕ್ಕಕ್ಕೆ ಸರಿದು, ತೋಳು ಇಳಿಬಿಟ್ಟು, ಬೇರೆಯವರು ಎಲ್ಲಿ ಕೈ ಇಡುತ್ತಾರೆ ಎಂದು ನೋಡುವವರು. ತಪ್ಪು ಎಲ್ಲಾಯಿತು ಎಂದು ಹೇಳುವ ದಾಖಲೆ, ಅಂದರೆ ಲಾಗ್ ಓದದೆ ಅದೇ ತಿದ್ದುಪಡಿಯನ್ನು ಅಷ್ಟಿಷ್ಟು ಬದಲಿಸಿ ಮತ್ತೆ ಮತ್ತೆ ಓಡಿಸುವವರನ್ನು ನೀವು ಕಂಡೇ ಇರುತ್ತೀರಿ. ಅವರಿಗೆ ಹಠಕ್ಕೇನೂ ಕೊರತೆ ಇರುವುದಿಲ್ಲ.

ಇನ್ನು ವ್ಯತ್ಯಾಸ. ನಿಮ್ಮ ಮ್ಯಾನೇಜರ್ ಯೋಚಿಸಬೇಕಾದ್ದು ಇಲ್ಲೇ. ಓಟದಲ್ಲಿ ತಪ್ಪಿದ್ದಕ್ಕೆ ಅಲ್ಲೇ ತೆರಬೇಕು. ಆ ಹಳೆಯ ನಿಯಮದಲ್ಲಿ ಮೂವತ್ತು ಬರ್ಪಿ ಮುಗಿಸದೆ ಮುಂದಕ್ಕೆ ಹೋಗುವಂತಿರಲಿಲ್ಲ. ಸಾಫ್ಟ್‌ವೇರ್‌ನಲ್ಲಿ ಟೆಸ್ಟ್ ಬರೆಯದೆಯೂ ಹೋಗಬಹುದು, ಅರ್ಥವಾಗದ ಕೋಡನ್ನು ಹಾಗೇ ಬಿಟ್ಟೂ ಹೋಗಬಹುದು. ಆ ದಿನ ಯಾರೂ ತಡೆಯುವುದಿಲ್ಲ. ಪ್ರೋಗ್ರಾಮರ್ ವಾರ್ಡ್ ಕನಿಂಗ್‌ಹ್ಯಾಮ್ 1992ರಲ್ಲೇ ಇದನ್ನು ಸಾಲಕ್ಕೆ ಹೋಲಿಸಿದ್ದರು. ತೀರಿಸದೆ ಉಳಿದ ಪ್ರತಿ ದಿನಕ್ಕೂ ಬಡ್ಡಿ. ನನಗೆ ಜಾಸ್ತಿ ಬೇಸರ ತರುವುದು ಏನೆಂದರೆ, ಆ ಬಡ್ಡಿ ಕಟ್ಟುವವರು ಎಷ್ಟೋ ಸಲ ಸಾಲ ಮಾಡಿದವರಲ್ಲ, ಆಮೇಲೆ ತಂಡಕ್ಕೆ ಬಂದವರು.

ಜೊತೆಗಾರರ ಸಹಾಯದ ವಿಷಯದಲ್ಲೂ ಹೋಲಿಕೆ ಅರ್ಧ ದಾರಿಗೆ ನಿಲ್ಲುತ್ತದೆ. 2010ರಲ್ಲಿ ಶುರುವಾದ ಟಫ್ ಮಡರ್ ಎಂಬ ಇನ್ನೊಂದು ಅಡೆತಡೆ ಓಟದಲ್ಲಿ ಎವರೆಸ್ಟ್ ಎಂಬ ಜಾರುವ ಬಾಗುಗೋಡೆ ಇದೆ. ಮೇಲೆ ತಲುಪಿದವರು ಕೆಳಗಿನ ಅಪರಿಚಿತರಿಗೂ ಕೈ ಚಾಚುತ್ತಾರೆ. ಅಲ್ಲಿ ಇನ್ನೊಂದು ಕೈ ಸೇರಿದರೆ ಕೆಲಸ ಹಗುರ. ಸಾಫ್ಟ್‌ವೇರ್‌ನಲ್ಲಿ ಹಾಗಲ್ಲ. ತಡವಾದ ಪ್ರಾಜೆಕ್ಟ್‌ಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು. ಹೊಸಬರಿಗೆ ಕಲಿಸಲು ಹಳಬರ ಸಮಯವೇ ಬೇಕು, ಆಡಬೇಕಾದ ಮಾತುಕತೆಯೂ ಹೆಚ್ಚುತ್ತದೆ.

ಶನಿವಾರ, ಭಾನುವಾರದ ಬಗ್ಗೆ ನೇರವಾಗಿ ಹೇಳುತ್ತೇನೆ. ಓಟಕ್ಕೆ ಮುಗಿಯುವ ಗೆರೆ ಇದೆ. ಅದನ್ನು ದಾಟಿ ಮಲಗುತ್ತೀರಿ, ದಿನಗಟ್ಟಲೆ ಸುಧಾರಿಸಿಕೊಳ್ಳುತ್ತೀರಿ. ಬಳಕೆಯಲ್ಲಿರುವ ಸಾಫ್ಟ್‌ವೇರ್‌ಗೆ ಅಂಥ ಗೆರೆ ಇಲ್ಲ, ಸೋಮವಾರ ಮತ್ತೆ ಅದೇ ಕೋಡ್ ಮುಂದೆ ಕೂರಬೇಕು. ಸಾಫ್ಟ್‌ವೇರ್ ಕೆಲಸ ಹೇಗೆ ನಡೆಯಬೇಕೆಂದು 2001ರಲ್ಲಿ 17 ಮಂದಿ ಸೇರಿ ಹೊರತಂದ ಅಜೈಲ್ ಪ್ರಣಾಳಿಕೆಯ ತತ್ವಗಳಲ್ಲಿ, ಎಷ್ಟು ಕಾಲವಾದರೂ ಕಾಯ್ದುಕೊಳ್ಳಬಹುದಾದ ಒಂದೇ ವೇಗದಲ್ಲಿ ಕೆಲಸ ಸಾಗಬೇಕು ಎಂಬುದೂ ಇದೆ. ಮ್ಯಾನೇಜರ್ ಜೊತೆ ಮಾತಾಡುವಾಗ ಇದನ್ನು ಧೈರ್ಯವಾಗಿ ಎತ್ತಿ. ಈ ವಾರಾಂತ್ಯ ಮುಗಿಸಲೇಬೇಕಾದ್ದು ಯಾವುದು, ಸೋಮವಾರಕ್ಕೆ ಬಿಡಬಹುದಾದ್ದು ಯಾವುದು ಎಂದು ಕೂತು ಬೇರೆ ಮಾಡಿ.

ಓಟದ ತಯಾರಿಗೆ ಬರೀ ಓಡಬೇಡಿ. ಒಂದು ಕಿಲೋಮೀಟರ್ ಓಡಿ, ಉಸಿರು ಏರಿರುವಾಗಲೇ ಕಂಬಿಗೆ ನೇತಾಡಿ, ಇಳಿದು ಮತ್ತೆ ಓಡಿ. ಇಷ್ಟು ದಿನ ಕೀಬೋರ್ಡ್ ಮುಂದೆ ಕೂತ ಬೆರಳು, ಮುಂಗೈಗಳಿಗೆ ದಿಢೀರನೆ ಭಾರ ಹಾಕಬೇಡಿ. ಮೊದಲ ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಹೊತ್ತು ನೇತಾಡಿ, ನಡುವೆ ಒಂದು ದಿನ ಬಿಡಿ.

ನಿಮ್ಮ
ಸಂಪಾದಕ